ಕರಡಿಯ ಹಲಗೆಯ ಮೇಲೆ ನಾನು ಬರೆದದ್ದು

ನನ್ನ ಗಿಣಿಗೆ,

ನಿನ್ನ ಅಕ್ಕ ಕೂತು ಬರೆಯುತ್ತಿದ್ದೇನೆ. ನೀನೂ ಮಕ್ಕಳೂ ಚೆನ್ನಾಗಿರಲಿ ಅಂತ ಬೆಳಿಗ್ಗೆ ದೀಪ ಹಚ್ಚುವಾಗ ದೇವರ ಹತ್ತಿರ ಹೇಳಿಯೇ ಬಂದೆ. ಇವತ್ತು ಸೋಮವಾರ, ನನ್ನ ಒಪ್ಪತ್ತು. ಒಂದೇ ಹೊತ್ತು ಊಟ, ಅದೂ ಸಂಜೆಗೆ. ಹೊಟ್ಟೆ ಖಾಲಿ ಇದ್ದಾಗ ಸುಳ್ಳು ಹೇಳೋಕೆ ಬಾಯಿ ಬರಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದಳು. ಅದಕ್ಕೇ ಈ ದಿನವನ್ನು ಆರಿಸಿಕೊಂಡೆ. ಹೊಸಬಳೊಬ್ಬಳ ಜೊತೆ ಸೇರಿ ಗೂಡುಗಳನ್ನೆಲ್ಲ ತೊಳೆದು, ನಾಯಿಗಳ ಹಾಸಿಗೆ ಬಟ್ಟೆಯನ್ನು ಸೋಪಿನ ನೀರಿಗೆ ಹಾಕಿ, ಮುದುಕಿ ನಾಯಿಗೆ ಕಣ್ಣಿನ ಔಷಧಿ ಬಿಟ್ಟು, ಈಗ ಒಗೆಯುವ ಶೆಡ್ಡಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದೇನೆ.

ಫೋನ್ ಮಾಡಿದರೆ ನೀನು ಎತ್ತುತ್ತೀಯ, "ಅಕ್ಕಾ, ಊಟ ಆಯ್ತಾ?" ಅನ್ನುತ್ತೀಯ. ಅಷ್ಟಕ್ಕೇ ನಾನು ಮಕ್ಕಳ ಊಟ, ಸ್ಕೂಲು ಅಂತ ವಿಚಾರಿಸಿ ಫೋನ್ ಇಟ್ಟುಬಿಡುತ್ತೇನೆ, ಹೇಳಬೇಕಾದ್ದು ಒಳಗೇ ಉಳಿಯುತ್ತದೆ. ಹೋದ ತಿಂಗಳು ಮೂರು ಸಲ ಹಾಗಾಯಿತು. ಅಕ್ಕನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ನೀನು ಅಂದುಕೊಂಡಿರಬೇಕು. ಪ್ರೀತಿ ಹೌದು. ಅದರ ಅಡಿಯಲ್ಲಿ ಇನ್ನೊಂದಿದೆ, ಅದನ್ನು ಬರೆಯುತ್ತೇನೆ, ಪೂರ್ತಿ ಓದು.

ಊರಿಗೆ ಹೋಗುವವರು ನಾಯಿ ಬಿಟ್ಟು ಹೋಗುವ ಈ ಜಾಗಕ್ಕೆ ನೀನು ಬಂದ ಮೊದಲ ದಿನ ಕೆಲಸ ಹೇಳಿಕೊಟ್ಟವಳು ನಾನೇ. "ನೋಡು, ಒಂದೊಂದು ಗೂಡಿನ ಬಾಗಿಲಿಗೂ ಅಂಗೈಯಗಲ ಹಲಗೆ ಇದೆ. ಬೇರೆ ನಾಯಿಗಳ ಜೊತೆ ಹೊಂದ್ಕೊಂಡ್ರೆ 'ಒಪ್ಪಿತು' ಅಂತ ಬರೀತೀವಿ, ಇಲ್ದಿದ್ರೆ 'ಒಂಟಿ'. ಎರಡೇ ಮಾತು. ಒಂಟಿ ಅಂತಿರೋದನ್ನ ಏನೇ ಆದ್ರೂ ಗುಂಪಿಗೆ ಬಿಡಬೇಡ" ಅಂದೆ. ನೀನು ನಕ್ಕು, "ನಮ್ಮತ್ತೆ ಮನೆ ಬಾಗಿಲಿಗೂ ಇಂಥದ್ದೊಂದು ನೇತು ಹಾಕಿದ್ರೆ ಓದ್ಕೊಂಡೇ ವಾಪಸ್ ಹೋಗ್ತಿದ್ದೆ ಅಕ್ಕಾ" ಅಂದೆ. ಗಂಡ ಬಿಟ್ಟು ಹೋದ ಮೇಲೂ ಹೀಗೆ ನಗುವ ಹೆಂಗಸನ್ನು ನಾನು ನೋಡಿರಲಿಲ್ಲ. ಆ ದಿನವೇ ನಿನಗೆ ಗಿಣಿ ಅಂತ ಹೆಸರಿಟ್ಟೆ. ನೀನು ಎದುರು ಗೂಡಿನ ದೊಡ್ಡ ಕರಿ ನಾಯಿಗೆ ಕರಡಿ ಅಂತಲೂ, ಪಕ್ಕದ ಪುಟ್ಟ ಬಿಳಿ ನಾಯಿಗೆ ಹತ್ತಿ ಅಂತಲೂ ಹೆಸರಿಟ್ಟೆ. ಅವುಗಳ ಮನೆಯವರು ಇಟ್ಟ ಹೆಸರು ನಮಗಿಬ್ಬರಿಗೂ ನಾಲಿಗೆಗೆ ಹತ್ತಲಿಲ್ಲ ನೋಡು.

ಗಿಣಿ, ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಆ ದಿನ ಕರಡಿಯ ಹಲಗೆಯ ಮೇಲೆ 'ಒಂಟಿ' ಅಂತ ಇರಲಿಲ್ಲ.

ಹಿಂದಿನ ದಿನದಿಂದ ಕರಡಿಗೆ ಹೊಟ್ಟೆ ಕೆಟ್ಟಿತ್ತಲ್ಲ. ಒಂದೇ ಹೊತ್ತು ಊಟ ಕೊಡಿ ಅಂತ ಡಾಕ್ಟರು ಹೇಳಿ ಹೋದರು. ಮರೆತು ಎರಡು ಸಲ ಹಾಕಿಬಿಟ್ಟೀಯ ಅಂತ ನಾನು 'ಒಂಟಿ' ಒರೆಸಿ 'ಒಪ್ಪತ್ತು' ಅಂತ ಬರೆದೆ. ಹಲಗೆಯಲ್ಲಿ ಎರಡು ಮಾತಿಗೆ ಜಾಗ ಇರಲಿಲ್ಲ. ನಾಯಿಗೆ ಒಪ್ಪತ್ತು ಅಂತ ಬರೆಯುವ ಬುದ್ಧಿವಂತೆ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆಮೇಲೆ ಪೈಪಿನಲ್ಲಿ ನೀರು ಬಿಟ್ಟು ತೊಳೆದಾಗ ಸೀಮೆಸುಣ್ಣ ಕಲಸಿಹೋಯಿತು, 'ಪ್ಪ'ದ ತಲೆಕಟ್ಟು ಗುಡಿಸಿನ ಹಾಗೆ ಹರಡಿತು, ಕೊನೆಯ ಅಕ್ಷರದ ಒತ್ತು ಅಳಿಸಿತು. ನೀನು 'ಒಪ್ಪಿತು' ಅಂತ ಓದಿದೆ. ಯಾರಿದ್ದರೂ ಹಾಗೇ ಓದುತ್ತಿದ್ದರು. "ಅಬ್ಬ, ನಮ್ಮ ಕರಡಿ ಒಪ್ಪಿದ ಕಣಕ್ಕಾ" ಅಂತ ನೀನು ಅಂಗಳದಿಂದ ಕೂಗಿದ್ದು ಶೆಡ್ಡಿನಲ್ಲಿ ನನಗೆ ಕೇಳಿಸಿತು. ಮಷೀನಿನ ಸದ್ದಿನಲ್ಲಿ ಏನು ಒಪ್ಪಿದ ಅಂತ ಗೊತ್ತಾಗದೆ ನಾನು "ಹೂಂ" ಅಂದೆ.

ನೀನು ಅವನನ್ನು ಗುಂಪಿಗೆ ಬಿಟ್ಟೆ. ಕೂಗಾಟ ಕೇಳಿ ನಾನು ಓಡಿ ಬರುವ ಹೊತ್ತಿಗೆ ಹತ್ತಿಯ ಕಿವಿ ಹರಿದಿತ್ತು. ನಿನ್ನ ಬಲಗೈ ಕರಡಿಯ ಬಾಯಲ್ಲಿತ್ತು, ಆದರೂ ಎಡಗೈಯಲ್ಲಿ ಹತ್ತಿಯನ್ನು ಎದೆಗೆ ಒತ್ತಿ ಹಿಡಿದಿದ್ದೆ. ಕರಡಿಯನ್ನು ಎಳೆದು ಗೂಡಿಗೆ ಹಾಕಿ, ಇನ್ನಾರೂ ಬಾಗಿಲು ತೆಗೆಯದಿರಲಿ ಅಂತ ಅವಸರದಲ್ಲಿ ಹಲಗೆ ಒರೆಸಿ 'ಒಂಟಿ' ಅಂತ ಬರೆದೆ. ದೇವರ ಮೇಲೆ ಭಾರ ಹಾಕಿ ಹೇಳುತ್ತೇನೆ, ಬರೆಯುವಾಗ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಕಪಟ ಬಂದದ್ದು ಆಮೇಲೆ. ಮೇಡಂ ಬಂದು ಹಲಗೆ ನೋಡಿ, "ಇಷ್ಟು ದಪ್ಪಕ್ಷರದಲ್ಲಿ ಬರೆದಿದೆ, ನಿನಗೆ ಕಣ್ಣಿಲ್ವಾ?" ಅಂದರು. "ಒಪ್ಪಿತು ಅಂತಿತ್ತು ಮೇಡಂ" ಅಂದು ನೀನು ನನ್ನ ಮುಖ ನೋಡಿದೆ. ನಾನು ನಾಯಿಯ ಮುಖ ನೋಡಿದೆ.

ಅಷ್ಟೇ. ಒಂದು ಮಾತು ಆಡಿದ್ದರೆ ಸಾಕಿತ್ತು, ನಿನ್ನ ಕೆಲಸ ಉಳಿಯುತ್ತಿತ್ತು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಹೋಗುವಾಗ ನೀನೇ ನನಗೆ ಸಮಾಧಾನ ಹೇಳಿದೆ: "ಬಿಡಕ್ಕಾ, ನನ್ನ ಕಣ್ಣೇ ಮಂಜಾಗಿರಬೇಕು, ಕನ್ನಡಕ ಹಾಕಿಸ್ಕೋತೀನಿ." ನಿಜವಾಗಿಯೂ ಕಣ್ಣು ಪರೀಕ್ಷೆಗೆ ಹೋದೆಯಂತೆ, ಡಾಕ್ಟರು ಏನೂ ಇಲ್ಲ ಅಂದರೂ ನಂಬದೆ ಇನ್ನೊಬ್ಬರ ಹತ್ತಿರ ಹೋದೆಯಂತೆ. ನಾಯಿಗಳನ್ನು ಕರೆತರುವ ವ್ಯಾನಿನ ಅಣ್ಣ ಅದನ್ನು ಹೇಳಿದ ದಿನ ನನಗೆ ಪೂಜೆಗೆ ಕೂರಲು ಆಗಲಿಲ್ಲ.

ಮೊನ್ನೆ ಗುರುವಾರ ಮೇಡಂ ಎದುರು ನಿಂತು ಎಲ್ಲ ಹೇಳಿದೆ. "ಇಷ್ಟು ದಿನ ಯಾಕೆ ಸುಮ್ನಿದ್ದೆ?" ಅಂತ ಕೇಳಿದರು. "ಹೆದರಿಕೆ ಮೇಡಂ. ಐವತ್ತು ವರ್ಷದೋಳಿಗೆ ಯಾರು ಕೆಲಸ ಕೊಡ್ತಾರೆ?" ಅಂದೆ. ಬಾಯಿ ತೆಗೆದದ್ದೇ ತೆಗೆದೆ ಅಂತ ಇನ್ನೊಂದನ್ನೂ ಹೇಳಿದೆ. ತಪ್ಪು ಬರೆದದ್ದು ನಾನು, ಆದರೆ ಮೂವತ್ತೆಂಟು ನಾಯಿಗೆ ಇಬ್ಬರು ಹೆಂಗಸರು, ಒಬ್ಬಳು ಒಗೆಯುವಾಗ ಇನ್ನೊಬ್ಬಳು ಒಂಟಿಯಾಗಿ ಅಂಗಳದಲ್ಲಿ. ಬಾಗಿಲ ಹತ್ತಿರ ಇಬ್ಬರಿದ್ದಿದ್ದರೆ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ನಾಯಿಗೆ ಒಂಟಿ ಅಂತ ಹಲಗೆ ಹಾಕುತ್ತೀರಿ, ನಮ್ಮ ಬೆನ್ನಿಗೆ ಯಾರು ಹಾಕಬೇಕು ಅಂದೆ. ಮೇಡಂ ಎದ್ದು ಹೋದರು. ನನ್ನ ಕಥೆ ಮುಗಿಯಿತು ಅಂದುಕೊಂಡು ಏಪ್ರನ್ ಬಿಚ್ಚಿ ಮಡಚಿಟ್ಟೆ.

ಮುಗಿಯಲಿಲ್ಲ. ಮಾರನೇ ದಿನ ಹೊಸಬಳು ಬಂದಳು. ಈಗ ಹಲಗೆ ಇಲ್ಲ. ಗುಂಪಿಗೆ ಬಿಡುವ ನಾಯಿಯ ಬಾಗಿಲಿಗೆ ಹಸಿರು ಬಟ್ಟೆ, ಒಂಟಿಗೆ ಕೆಂಪು. ಊಟದ ವಿಚಾರ ಅಡುಗೆಮನೆ ಗೋಡೆಯ ಹಾಳೆಯಲ್ಲಿ. ಅಂಗಳಕ್ಕೆ ಯಾವಾಗಲೂ ಇಬ್ಬರು. ಬಾಗಿಲು ತೆಗೆಯುವ ಕೆಲಸ ನನ್ನಿಂದ ತೆಗೆದರು, ಅದು ನ್ಯಾಯವೇ. ಆ ಜಾಗ ನಿನಗೆ. "ಅವಳು ಬಂದ್ರೆ ನಾನೇ ಮಾತಾಡ್ತೀನಿ, ಕೇಳಬೇಕಾದ ಕ್ಷಮೆ ನಂದೂ ಇದೆ" ಅಂದಿದ್ದಾರೆ ಮೇಡಂ. ಶನಿವಾರದವರೆಗೆ ಕಾಯುತ್ತಾರಂತೆ.

ಹತ್ತಿಯ ಕಿವಿ ಕೂಡಿಕೊಂಡಿದೆ, ತುದಿಯಲ್ಲಿ ಸ್ವಲ್ಪ ಮಡಚಿದೆ, ಅದರಿಂದ ಅವನಿಗೆ ಕಳ್ಳ ಮುಖ ಬಂದಿದೆ. ಮೊನ್ನೆ ಮನೆಯವರು ಮತ್ತೆ ಬಿಟ್ಟು ಹೋದರು. ಇವನು ಬಂದವನೇ ಎಲ್ಲ ಕೋಣೆಗೂ ಹೋಗಿ ನಿನ್ನನ್ನು ಹುಡುಕಿದ.

ನೀನು ನನ್ನನ್ನು ಕ್ಷಮಿಸು ಅಂತ ಕೇಳಲು ಮುಖವಿಲ್ಲ. ಕೋಪ ಬಂದರೆ ಬೈದುಬಿಡು, ಗಿಣಿಯ ಬೈಗುಳ ನನಗೇನು ಹೊಸದೇ? ನನ್ನ ಮೇಲಿನ ಕೋಪಕ್ಕೆ ನಿನ್ನ ಕೆಲಸ ಮಾತ್ರ ಬಿಡಬೇಡ. ಬಂದ ಮೇಲೆ ನನ್ನ ಜೊತೆ ಮಾತಾಡದಿದ್ದರೂ ಸರಿ. ನೀನು ನಾಯಿಗಳ ಜೊತೆ ಆಡುವ ಮಾತು ಶೆಡ್ಡಿಗೆ ಕೇಳಿಸಿದರೆ ಸಾಕು.

ದೇವರು ನಿನ್ನ ಬಲಗೈಗೆ ಬಲ ಕೊಡಲಿ, ಮಕ್ಕಳ ಹೊಟ್ಟೆ ತಣ್ಣಗಿಡಲಿ.

ನೀನು ಹಾಗೆ ಕರೆಯುವಷ್ಟು ದಿನ,
ನಿನ್ನ ಅಕ್ಕ

(ಲಕೋಟೆಯ ಹಿಂದೆ)
ವ್ಯಾನಿನ ಅಣ್ಣಾ, ಕಾಗದ ಕೊಟ್ಟು ಹಾಗೇ ಬಂದುಬಿಡಬೇಡ. ಅವಳು ಓದಿ ಮುಗಿಸೋವರೆಗೆ ಜಗಲಿ ಮೇಲೆ ಕೂತಿರು. ಏನು ಬರೆದುಕೊಟ್ಟರೂ, ಒಂದೇ ಸಾಲಾದರೂ, ಬೇರೆ ಯಾರ ಕೈಗೂ ಕೊಡದೆ ತಂದು ನನ್ನ ಕೈಗೇ ಕೊಡು.