ಅಕ್ಕನ ಎದೆಗೆ ಕೇಳಿಸಲಿಲ್ಲ

ವಿಜಯಪುರ, ೨೧೮೭ರ ಹದಿಮೂರನೆಯ ತಿಂಗಳ ನಾಲ್ಕನೆಯ ದಿನ.

ಹಿಂದಿನವರೇ,

ನಮ್ಮ ವರ್ಷಕ್ಕೆ ಒಂದು ತಿಂಗಳು ಹೆಚ್ಚು. ಮಾತಿನಲ್ಲಿಯೂ ನಿಮಗೆ ಗುರುತು ಸಿಗದ ಪದಗಳಿದ್ದಾವು, ಮನ್ನಿಸಿ. ನನ್ನ ಸಿಟ್ಟನ್ನು ಮಾತ್ರ ಮನ್ನಿಸಬೇಕಿಲ್ಲ, ಅದರಲ್ಲಿ ಅರ್ಧ ನಿಮ್ಮ ಮೇಲಿನದೇ.

ನನ್ನ ಅಕ್ಕ ನೀಲಾಂಬಿಕೆ ಇಲ್ಲಿನ ತೋಟಗೋಪುರದ ಮೇಲ್ವಿಚಾರಕಿ. ತೋಟಗೋಪುರವೆಂದರೆ ಹನ್ನೊಂದು ಅಂತಸ್ತುಗಳಲ್ಲಿ ತರಕಾರಿ ಬೆಳೆಯುವ ಕಟ್ಟಡ. ಅದರ ಕೆಳಗೆ ಸೊಪ್ಪಿನ ಸಿವುಡು ಕಟ್ಟುವವಳು ನಾನು, ಇಂದುಮತಿ. ಅಕ್ಕನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ನಾವೆಲ್ಲ ಮಣಿಕಟ್ಟಿಗೆ ನಾಡಿಪಟ್ಟಿ ಕಟ್ಟಿಕೊಳ್ಳುತ್ತೇವೆ. ಅಪಾಯದಲ್ಲಿ ಎದೆಬಡಿತ ಏರಿದರೆ ಅದು ಕೆಂಪಾಗುತ್ತದೆ, ಆಂಬುಲೆನ್ಸ್ ತಾನಾಗಿ ಬರುತ್ತದೆ. ಹಸಿರಿದ್ದರೆ ಆರಾಮ ಎಂದರ್ಥ.

ಆರು ತಿಂಗಳ ಹಿಂದೆ ಮೇಲಿನ ಅಂತಸ್ತಿಗೆ ಬೆಂಕಿ ಬಿತ್ತು, ಲಿಫ್ಟ್ ನಿಂತಿತು. ಅಕ್ಕ ಮೆಟ್ಟಿಲು ಹತ್ತಿ ಹೋಗಿ ಹೊಗೆಯಲ್ಲಿ ಸಿಕ್ಕಿಬಿದ್ದ ಮೂವರು ಹೆಂಗಸರನ್ನು ಕೈಹಿಡಿದು ಇಳಿಸಿದಳು. ಆಮೇಲೆ ಗೋಡೆಗೆ ಒರಗಿ ಕುಳಿತವಳು ಏಳಲಿಲ್ಲ.

"ಇಂದೂ, ಉಸಿರು ಸಾಲವಲ್ದವ್ವ. ಎದಿ ಮ್ಯಾಲ ಕಲ್ಲಿಟ್ಟಂಗ ಆಗೇದ."

ಪಟ್ಟಿ ಹಸಿರಾಗಿಯೇ ಇತ್ತು. ಅಕ್ಕನ ಮುಖ ಕಾಣುವಂತೆ ಸಹಾಯವಾಣಿಗೆ ವಿಡಿಯೊ ಕರೆ ಮಾಡಿದೆ.

"ಅವರ ಪಟ್ಟಿ ಹಸರ ಅದರೀ. ಕೆಂಪಾದವ್ರು ಒಂಬತ್ತು ಮಂದಿ ಅದಾರ. ನೀವು ಸ್ವಲ್ಪ ತಡೀರಿ," ಎಂದ ಅಲ್ಲಿದ್ದವನು.

"ಪಟ್ಟಿ ಬಿಡ್ರಿ. ಆಕಿ ಮಾರಿ ನೋಡ್ರಿ," ಎಂದು ಮೂರು ಸಲ ಹೇಳಿದೆ. ಐವತ್ತು ನಿಮಿಷ ಕಾದು, ಕೊನೆಗೆ ಸೊಪ್ಪಿನ ಗಾಡಿಯಲ್ಲಿ ಮಲಗಿಸಿ ನಾನೇ ಆಸ್ಪತ್ರೆಗೆ ಒಯ್ದೆ.

ಅಕ್ಕ ಉಳಿದಳು. ಆದರೆ ಅವಳ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಚೇತರಿಸಿಕೊಂಡ ಮೇಲೆ ಅಲ್ಲಿನ ಡಾಕ್ಟರ್ ಮಸೂದಾ ಅವರು, ಅಪಾಯದಲ್ಲಿ ಮೈಯೇ ಸುರಿಸುವ ಅಡ್ರಿನಲಿನ್‌ನಂತೆಯೇ ಹೃದಯವನ್ನು ಓಡಿಸುವ ಔಷಧಿ ಕೊಟ್ಟು ಪರೀಕ್ಷಿಸಿದರು. ಬೇರೆಯವರಲ್ಲಾದರೆ ಎದೆಬಡಿತ ದೌಡಾಯಿಸಬೇಕು. ಅಕ್ಕನದು ನಿಮಿಷಕ್ಕೆ ಆರೇ ಬಡಿತ ಏರಿತು.

"ಅವತ್ತು ಮೈಯಾಗ ಅಡ್ರಿನಲಿನ್ ಸುರದಿತ್ತು, ಎದಿಗೆ ಕೇಳಿಸ್ಲಿಲ್ಲ. ಭಾಳ ವರ್ಷದ ಸಕ್ಕರಿ ಕಾಯಿಲಿ ಕೆಲವರಿಗೆ ಹಿಂಗ ಮಾಡ್ತದ," ಎಂದರು.

ನಾಡಿಪಟ್ಟಿ ನಡೆಸುವ ಮಂಡಳಿಗೆ ಏಳು ಅರ್ಜಿ ಕೊಟ್ಟೆ. ಏಳಕ್ಕೂ ಒಂದೇ ಉತ್ತರ: ಪಟ್ಟಿ ಸರಿಯಾಗಿ ಕೆಲಸ ಮಾಡಿದೆ. ಹಠ ಹಿಡಿದು ಹಳೆಯ ಕಡತ ತೆಗೆಸಿದಾಗ ತಿಳಿಯಿತು, ಪಟ್ಟಿ ಯಾವಾಗ ಕೆಂಪಾಗಬೇಕೆಂಬ ಅಳತೆಯನ್ನು ನಿಮ್ಮ ಕಾಲದ ಆರೋಗ್ಯವಂತ ತರುಣರ ನಾಡಿ ನೋಡಿ ಗೊತ್ತುಮಾಡಿದ್ದರು. ಅಕ್ಕನಂಥವರ ಹೃದಯ ಅಡ್ರಿನಲಿನ್‌ಗೆ ಮಂದವಾಗಿ ಓಗೊಡುತ್ತದೆಂದು ಬರೆದ ಪ್ರಬಂಧಗಳೂ ನಿಮ್ಮ ಕಾಲದವೇ. ಗೊತ್ತಿದ್ದವರು ಒಂದು ಕೋಣೆಯಲ್ಲಿ, ಅಳತೆ ಬರೆದವರು ಇನ್ನೊಂದರಲ್ಲಿ. ನಡುವಿನ ಬಾಗಿಲು ತೆರೆಯಲು ನಿಮಗೆ ಬಿಡುವಾಗಲಿಲ್ಲವೇ?

ನಿಮ್ಮಲ್ಲಿ ಇನ್ನೂ ಹೊತ್ತು ಮೀರಿಲ್ಲ. ಅಳತೆ ಬರೆಯುವ ಮುನ್ನ ಸಕ್ಕರೆ ಕಾಯಿಲೆಯವರನ್ನೂ ಕರೆದು ಕೂರಿಸಿ, ಅವರ ನಾಡಿಯನ್ನೂ ಹಿಡಿದು ನೋಡಿ. ಅವರು ಎದೆ ಭಾರವೆಂದರೆ, ಮೊದಲು ಅವರ ಮಾತನ್ನು ನಂಬಿ.

ಇಂದುಮತಿ