ತಾಲೀಮು ಮಾಡಿದ ಸಿಟ್ಟು

ಜೂನ್ ೯, ಭಾನುವಾರ

ಪ್ರೀತಿಯ ಬಜಾರಿ ಮಗಳೇ,

ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿವೆ. ತಡವಾಯಿತು, ಬೈದುಕೋ. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ಅಮ್ಮನ ಮಂಡಿನೋವು ಹಾಗೇ ಇದೆ, ನಾಲಿಗೆ ಮಾತ್ರ ಇನ್ನಷ್ಟು ಚೂಪಾಗಿದೆ. ನಿನ್ನ ಹೊಸ ನಾಟಕಕ್ಕೆ ಪೊಲೀಸರು ಅನುಮತಿ ಕೊಡಲಿಲ್ಲವೆಂದು ಬರೆದಿದ್ದೀಯ. ಅದೃಷ್ಟವಂತೆ! ನಿನ್ನ ಅಪ್ಪನಿಗೆ ಅವರೀಗ ಕಾರಿನ ಬಾಗಿಲು ತೆರೆದು ಸಲ್ಯೂಟ್ ಹೊಡೆಯುತ್ತಾರೆ.

ನೀನು ಪತ್ರಿಕೆಯಲ್ಲಿ ಓದಿದ್ದು ನಿಜ. ನಲವತ್ತು ವರ್ಷ ಬೀದಿಯಲ್ಲಿ ನಿಂತು ಯಾವ ಸರಕಾರದ ಮುಖಕ್ಕೆ ಉಗಿದೆನೋ ಅದೇ ಸರಕಾರ ನನಗೆ ಜೀವಮಾನ ಸಾಧನೆಯ ಪದಕ ಕೊಟ್ಟಿತು. ಎರಡು ಸಲ ಜೈಲಿಗೆ ತಳ್ಳಿದ್ದನ್ನೂ ನಾಚಿಕೆಯಿಲ್ಲದೆ ಆಹ್ವಾನಪತ್ರಿಕೆಯಲ್ಲಿ ನನ್ನ ಸಾಧನೆ ಎಂದೇ ಅಚ್ಚು ಹಾಕಿಸಿದ್ದರು. ಕೆಳಗೆ ಇನ್ನೊಂದು ಸಾಲು: ನಾವು ಮೊದಲ ನಾಟಕ ಆಡಿದ ಬೀದಿ ಗುಡಿಸುವವರ ಓಣಿಯನ್ನು ಕೆಡವಿ, ಅಲ್ಲಿ ನನ್ನ ಹೆಸರಿನ ರಂಗಮಂದಿರ ಕಟ್ಟುತ್ತಾರಂತೆ. ಓಣಿಯ ಜನ ಎಲ್ಲಿಗೆ ಹೋಗಬೇಕು? ಅದನ್ನು ಅಚ್ಚು ಹಾಕಲು ಪತ್ರಿಕೆಯಲ್ಲಿ ಜಾಗ ಸಾಲಲಿಲ್ಲವೇನೋ.

"ಒಂದು ಫೋನ್ ಮಾಡಿ ಬೇಡ ಅನ್ರೀ, ಮುಗೀತು" ಅಂದಳು ಅಮ್ಮ, ಆಹ್ವಾನಪತ್ರಿಕೆ ಬಂದ ದಿನ. ನಾನು ನಿರ್ದೇಶಕ, ಅಷ್ಟಕ್ಕೆ ಮುಗಿಸುತ್ತೇನೆಯೇ? ವೇದಿಕೆಯ ಮೇಲೇ ನಿರಾಕರಿಸಬೇಕು, ಓಣಿಯ ಮೇಲೆ ಕೈ ಹಾಕಲು ಮಂತ್ರಿ ಹೆದರಬೇಕು ಅಂತ ಹಟ. ಎರಡು ವಾರ ಅಡುಗೆಮನೆಯಲ್ಲಿ ತಾಲೀಮು. ಪದಕದ ಬದಲು ಕೊರಳಲ್ಲಿ ಟೀ ಸೋಸುವ ಜರಡಿ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಬಿಗಿಹಿಡಿಯಬೇಕು, ಯಾವ ಮಾತಿಗೆ ಪದಕವನ್ನು ಮೇಜಿಗೆ ಕುಕ್ಕಬೇಕು, ಎಲ್ಲ ಲೆಕ್ಕಾಚಾರ. ಅಮ್ಮ ಈರುಳ್ಳಿ ಹೆಚ್ಚುತ್ತಾ ಪ್ರೇಕ್ಷಕಿಯಾದಳು.

"ಅದೇನ್ರೀ ಕೈ ಆಡ್ಸೋದು? ಸೊಳ್ಳೆ ಓಡಿಸ್ದಂಗಿದೆ" ಅಂದಳು. ಕೈ ತಿದ್ದಿಕೊಂಡೆ. ನನ್ನ ಮಾತಿಗೋ ಈರುಳ್ಳಿಗೋ, ಅವಳ ಕಣ್ಣಲ್ಲಿ ನೀರು ಬಂದ ದಿನ ನಾಟಕ ಸಿದ್ಧವಾಯಿತು ಅಂದುಕೊಂಡೆ.

ಸಮಾರಂಭದ ದಿನ ವೇದಿಕೆಯ ಮೇಲೆ ಮಂತ್ರಿ ಪದಕ ತೊಡಿಸಿದ. ಕಿತ್ತು ತೆಗೆದೆ.  "ಬಡವರ ಮನೆ ಕೆಡವಿ ನನ್ನ ಹೆಸರು ಬರೆಯಬೇಡಿ! ಆ ಓಣಿಗೆ ಬುಲ್ಡೋಜರ್ ಬಂದರೆ ಮೊದಲು ನನ್ನ ಮೇಲೆ ಹಾಯಲಿ!" ಎಂದು ಗುಡುಗಿ ಪದಕ ಕುಕ್ಕಿದೆ. ಒಂದು ಉಸಿರೂ ಆಚೀಚೆ ಆಗಲಿಲ್ಲ.

ಚಪ್ಪಾಳೆ! ಇಡೀ ಸಭೆ ಎದ್ದು ನಿಂತಿತು. ಮಂತ್ರಿ ಕಣ್ಣೊರೆಸಿಕೊಂಡು ಮೈಕ್ ಹಿಡಿದ: "ನೋಡಿದ್ರಾ, ಈ ವಯಸ್ಸಲ್ಲೂ ಎಂಥಾ ಅಭಿನಯ! ಇಂಥೋರಿಗೆ ರಂಗಮಂದಿರ ಕಟ್ಟದೆ ಇನ್ಯಾರಿಗೆ ಕಟ್ಟೋಣ?"

"ಸ್ವಾಮಿ, ಇದು ನಾಟಕ ಅಲ್ಲ!" ಅಂತ ಕೂಗಿದೆ. ಇನ್ನೂ ಜೋರು ಚಪ್ಪಾಳೆ. "ನಿಲ್ಸ್ರೋ, ದಡ್ಡರಾ!" ಅಂದೆ. ಮುಂದಿನ ಸಾಲಿನಲ್ಲಿದ್ದ, ರಂಗಮಂದಿರ ಕಟ್ಟಬೇಕಾದ ಎಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮಂತ್ರಿ ಅದೇ ಪದಕವನ್ನು ಮತ್ತೆ ಕೊರಳಿಗೆ ಹಾಕಿ, ಕಿವಿಯಲ್ಲಿ, "ಆ ಕುಕ್ಕೋದು ಫೋಟೊದವ್ರಿಗೆ ಸಿಗ್ಲಿಲ್ವಂತೆ ಸಾರ್. ಇನ್ನೊಂದ್ಸಲ ಮಾಡ್ತೀರಾ?" ಅಂದ.

ಮನೆ ತಲುಪಿದೆವು. ಅಮ್ಮ ಚಪ್ಪಲಿ ಬಿಡುತ್ತಾ, "ತೊದಲಬೇಕಿತ್ತು ಕಣ್ರೀ. ಸಿಟ್ಟು ಬಂದೋರು ತೊದಲ್ತಾರೆ" ಅಂದಳು.

ಮಾರನೆಯ ದಿನ ಪದಕವನ್ನು ಅಂಚೆಯಲ್ಲಿ ವಾಪಸ್ ಕಳಿಸಿದೆ. ಇಲಾಖೆಯಿಂದ ಧನ್ಯವಾದ ಬಂದಿದೆ. ಹೊಸ ರಂಗಮಂದಿರದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರಂತೆ, ಥೂ! ಓಣಿಗೆ ಬುಲ್ಡೋಜರ್ ಬರುವುದು ೧೭ರಂದು. ನಾನೂ ಅಮ್ಮನೂ ಅಡ್ಡ ಕೂರುತ್ತೇವೆ. ನಿನ್ನ ತಂಡವನ್ನೂ ಎಳೆದುಕೊಂಡು ಬಾ. ದಾರಿಯಲ್ಲಿ ಯಾರಿಗೂ ಮಾತು ಕಲಿಸಬೇಡ.

ನಿನ್ನ ನಾಟಕಗಳಿಗೆ ಹೀಗೇ ತಡೆ ಬೀಳುತ್ತಿರಲಿ. ನಿನ್ನ ಮಾತು ಆಳುವವರ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಳ್ಳಲಿ, ಮಗಳೇ.

ನಿನ್ನ
ಅಪ್ಪ

ತಾ.ಕ.: ಓಣಿಯ ಅತ್ತೆಯನ್ನು ನೀನು ಮರೆತಿರಲಾರೆ. ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನಮ್ಮ ನಾಟಕಗಳಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದಳಲ್ಲ, ಅವಳು. ಮೊದಲು ಬೀಳುವ ಮನೆ ಅವಳದೇ. ಅವತ್ತು ಸಭೆಗೆ ಬಂದಿದ್ದಳು. ಎಲ್ಲ ಮುಗಿದ ಮೇಲೆ ನನ್ನ ಕೈ ಹಿಡಿದು, "ಚೆನ್ನಾಗ್ ಮಾಡಿದ್ರಿ ಅಣ್ಣ. ನಮ್ಮನೆ ಮಾತು ಬಂದಾಗ ಮಾತ್ರ ಒಂಚೂರು ತಡದು ಹೇಳ್ಬೇಕಿತ್ತು" ಅಂದಳು. "ನಿಜವಾಗಿ ಹೇಳಿದೆ ಕಣಮ್ಮ" ಅಂದೆ. "ಹೂಂ ಅಣ್ಣ, ನಿಜ ಇದ್ದಂಗೇ ಇತ್ತು" ಅಂದಳು.