ಬೆಳ್ಳಗಿನ ಹತ್ತಿ

ಸೆಪ್ಟೆಂಬರ್ 11, ಭಾನುವಾರ, ಬೆಳಿಗ್ಗೆ 9

ಏಳು ಸುತ್ತು. ಮೂರು ಮಿಲಿಮೀಟರ್ ಕಡ್ಡಿಗೆ ಸುತ್ತಿದ ತಂತಿ. ಮೀಟರ್‌ನಲ್ಲಿ 0.95 ಓಮ್. ಸರಿ. ಗುಂಡಿ ಒತ್ತಿದೆ — ಕಾಯಿಲ್ ನಡುವಿನಿಂದ ಎರಡೂ ತುದಿಗೆ ಸಮವಾಗಿ ಕೆಂಪೇರಿತು. ಹತ್ತಿ ತೂರಿಸಿ, ದ್ರವ ತುಂಬಿ, ಮುಚ್ಚಳ ಬಿಗಿದೆ. ಸಿಗರೇಟಿನ ಬದಲು ಅಕ್ಕ ಬರ್ನಡೀನ್ ಎಳೆಯುವ ವೇಪ್ ಸಿದ್ಧ.

ಸಂಧಿವಾತದಿಂದ ಅವಳ ಬೆರಳು ಸೊಟ್ಟಗಾಗಿವೆ. ಮುಚ್ಚಳ ತೆಗೆದು ದ್ರವ ಸುರಿದುಕೊಳ್ಳುತ್ತಾಳೆ, ಅಷ್ಟೇ. ಒಳಗಿನ ಸ್ಕ್ರೂ ಸಾಸಿವೆಯಷ್ಟು. ಅದು ನನ್ನ ಕೆಲಸ. ನಾಲ್ಕು ವರ್ಷದಿಂದ ಎರಡು ವಾರಕ್ಕೊಂದು ಭಾನುವಾರ. ಅರ್ಧ ಶ್ವಾಸಕೋಶ ಹೋಗಿದೆ, ಉಳಿದದ್ದನ್ನಾದರೂ ಉಳಿಸಿಕೊಳ್ಳಿ ಎಂದಿದ್ದರು ಡಾಕ್ಟರ್, 2018ರಲ್ಲಿ. ನಲವತ್ತೈದು ವರ್ಷ ಸೇದಿದವಳು ಅಂದಿನಿಂದ ಸಿಗರೇಟು ಮುಟ್ಟಿಲ್ಲ. ಮೂವತ್ತೊಂದು ವರ್ಷ ನಾನು ಹೈಸ್ಕೂಲಿನಲ್ಲಿ ಎಲೆಕ್ಟ್ರಿಕಲ್ ಕಲಿಸಿದ್ದರಿಂದ ಆದ ಒಂದೇ ಒಳ್ಳೆ ಕೆಲಸ ಇದು.

ಸೆಪ್ಟೆಂಬರ್ 14, ಬುಧವಾರ

ಕೌನ್ಸಿಲ್ ನೋಟಿಸ್ ಅಂಟಿಸಿದ್ದಾರೆ. ವೇಪ್, ತಂತಿ, ದ್ರವ — ನಮ್ಮೂರಲ್ಲಿ ಇನ್ನು ಯಾವುದನ್ನೂ ಮಾರುವಂತಿಲ್ಲ ಎಂಬ ಠರಾವು. ಅಕ್ಟೋಬರ್ 17ಕ್ಕೆ ಸಭೆ, ಅಂದೇ ಮತ. ಸಿಗರೇಟಿನ ಬಗ್ಗೆ ಒಂದಕ್ಷರವಿಲ್ಲ. ಪೆಟ್ರೋಲ್ ಬಂಕಿನ ಕೌಂಟರ್ ಹಿಂದೆ ಅದರ ಗೋಡೆಯೇ ಎದ್ದಿದೆ, ನೆಲದಿಂದ ಸೂರಿನವರೆಗೆ. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನನಗೆ ಮರೆವಿಲ್ಲ, ಅದೇ ತೊಂದರೆ. ಕ್ಷೌರದಂಗಡಿಯ ಹಳೇ ಪತ್ರಿಕೆಗಳ ಜಾಹೀರಾತಿನಲ್ಲಿ ಬಿಳಿಕೋಟಿನ ಡಾಕ್ಟರ್ ಸಿಗರೇಟು ಹಿಡಿದು ನಗುತ್ತಿದ್ದ. ಉಕ್ಕಿನ ಕಾರ್ಖಾನೆಯ ನಮ್ಮಪ್ಪ ಆ ನಗುವನ್ನು ನಂಬಿದರು. 1979ರಲ್ಲಿ, ಅವರ ಬದುಕಿನ ಕೊನೆಯ ವಾರ, ಎದೆಯಿಂದ ಬರುತ್ತಿದ್ದದ್ದು ಉಸಿರಲ್ಲ, ಶಿಳ್ಳೆ. ಆ ಸುಳ್ಳಿಗೆ ಬಿಳಿಕೋಟು ತೊಡಿಸಿದವರನ್ನು ನಾನಿನ್ನೂ ಕ್ಷಮಿಸಿಲ್ಲ.

ವೇಪ್ ಅಂಗಡಿಯ ಟ್ರೀನಾ ಹತ್ತಿರ ಹೋಗಿದ್ದೆ.

"ನೀವೇ ಮಾತಾಡಿ ಮೇಷ್ಟ್ರೇ. ನಾನು ಬಾಯಿ ಬಿಟ್ರೆ, ಹೊಟ್ಟೆಪಾಡಿಗೆ ಅಳ್ತಾಳೆ ಅಂತಾರೆ."

"ನಾನೂ ಬೇಡ, ನೀನೂ ಬೇಡ," ಅಂದೆ. "ನಮ್ಮಕ್ಕ ಬರ್ನಿ ಒಬ್ಬಳು ಸಾಕು ಸಾಕ್ಷಿಗೆ."

ಸೆಪ್ಟೆಂಬರ್ 25, ಭಾನುವಾರ

ಬರ್ನಿಗೆ ಸುಟ್ಟ ರುಚಿ ಬರುತ್ತದಂತೆ. "ಗಂಟಲು ಉರಿಯುತ್ತೆ ಕಣೋ ಕ್ಯಾಸ್," ಅಂದಳು.

ವಿಚಿತ್ರ. ಸುಟ್ಟ ರುಚಿ ಎಂದರೆ ಹತ್ತಿಗೆ ದ್ರವ ಏರುತ್ತಿಲ್ಲ ಎಂದು. ಬಿಚ್ಚಿದೆ. ಹಳೇ ಹತ್ತಿ ಎಳೆದು ಕಸಕ್ಕೆ ಹಾಕಿದೆ. ಓಮ್ ಅಲುಗಿಲ್ಲ, ಸ್ಕ್ರೂ ಸಡಿಲವಿಲ್ಲ. ಹೊಸ ಹತ್ತಿ ತೆಳ್ಳಗೆ ಮಾಡಿ, ಹೊರಚಾಚಿದ ತುದಿ ಕತ್ತರಿಸಿ, ಗಾಳಿಯ ಕಂಡಿ ಒಂದಿಷ್ಟು ತೆರೆದೆ.

ಒಂದು ಮಾತು ಬರೆದಿಡಬೇಕು — ಎರಡು ವಾರವಾದರೂ ತಂತಿಗೆ ಚೂರೂ ಕರಿ ಹತ್ತಿಲ್ಲ. ಅಂಗಡಿಯ ರೆಡಿಮೇಡ್ ಕಾಯಿಲ್ ಐದು ದಿನಕ್ಕೆ ಇದ್ದಿಲಾಗುತ್ತದೆ. ಕೈಕೆಲಸ ಎಂದರೆ ಇದು.

ಅಕ್ಟೋಬರ್ 9, ಭಾನುವಾರ

ಮತ್ತೆ ಸುಟ್ಟ ರುಚಿ. ಅವಳ ಅಡುಗೆಮನೆ ಮೇಜಿನ ಮೇಲೇ ಬಿಚ್ಚಿದೆ. ಎದುರಿಗೆ ಚಹಾ ಹಿಡಿದು ಕೂತಿದ್ದಳು. ಈ ಸಲ ಹತ್ತಿಯನ್ನು ಕಸಕ್ಕೆ ಹಾಕುವ ಮುಂಚೆ ಕಿಟಕಿಯ ಬೆಳಕಿಗೆ ಹಿಡಿದೆ, ಸುಟ್ಟ ಕಲೆ ಹುಡುಕಲು.

ಕಲೆಯಿಲ್ಲ. ಹಾಕಿದ ದಿನದಷ್ಟೇ ಬಿಳಿ.

"ಹತ್ತಿ ಬೆಳ್ಳಗಿದೆ, ಬರ್ನಿ."

"ಒಳ್ಳೇ ಹತ್ತಿ ತಂದಿರ್ತೀಯ."

"ಎರಡು ದಿನ ಎಳೆದ್ರೂ ಚಹಾದ ಬಣ್ಣ ಬರುತ್ತೆ. ಇದು ಎರಡು ವಾರದ್ದು."

ಕಪ್ಪು ಪಕ್ಕಕ್ಕಿಟ್ಟಳು. ಆಮೇಲೆ ಹಿಡಿಗೆ ಮಣಿಕಟ್ಟು ಸಿಕ್ಕಿಸಿ ಡ್ರಾಯರ್ ಎಳೆದಳು. ಸಿಗರೇಟು ಪ್ಯಾಕೆಟ್, ಲೈಟರ್.

"ಯಾವಾಗಿಂದ?"

"ಜೂನ್. ವರ್ನ್ ಹೋದನಲ್ಲ, ಅವನ ಜಾಕೆಟ್ಟಲ್ಲಿ ಅರ್ಧ ಪ್ಯಾಕ್ ಉಳಿದಿತ್ತು. ಗಂಡನ ವಾಸನೆ ಕಣೋ. ನಿನ್ನ ಡಬ್ಬಿಯಲ್ಲಿ ಅದು ಬರಲ್ಲ. ಸುಟ್ಟ ರುಚಿ ಅಂದದ್ದು ಸುಳ್ಳು, ಯಾಕೆ ಎಳೀತಿಲ್ಲ ಅಂತ ನೀನು ಕೇಳ್ದಿರಲಿ ಅಂತ."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಅಪ್ಪನ ಆಸ್ಪತ್ರೆಯಿಂದ ಶುರು ಮಾಡ್ತಿದ್ದೆ. ಬಂದಾಗೆಲ್ಲ ಎಷ್ಟು ಓಮ್ ಅಂತ ಹೇಳ್ತೀಯ. ನಾನು ಹೇಗಿದ್ದೀನಿ ಅಂತ ಒಂದ್ಸಲಾನಾದ್ರೂ ಕೇಳಿದ್ಯಾ?"

ವರ್ನ್‌ನನ್ನು ಮಣ್ಣು ಮಾಡಿದ ದಿನ ನಾನು ಕೇಳಿದ್ದು ಅವಳ ಬ್ಯಾಟರಿ ಚಾರ್ಜ್ ಆಗಿದೆಯಾ ಎಂದು. ನಾಲ್ಕು ತಿಂಗಳು ತಂತಿ ಹೊಳೆಯುತ್ತಿದ್ದದ್ದು ನನ್ನ ಕೈಕೆಲಸದಿಂದಲ್ಲ.

ಅಕ್ಟೋಬರ್ 18, ಮಂಗಳವಾರ, ಬೆಳಿಗ್ಗೆ

ನಿನ್ನೆಯ ಸಭೆಯದು. ಭಾಷಣ ನಾಲ್ಕು ಪುಟ ಬರೆದಿದ್ದೆ. ಅಕ್ಕನ ಬಗ್ಗೆ ಬರೆದ ಪುಟ ಹರಿದು ಮನೆಯಲ್ಲೇ ಬಿಟ್ಟು ಹೋದೆ. ಮಾತಿಗೆ ಮೂರು ನಿಮಿಷ. ಅಧ್ಯಕ್ಷ ಗಾಯ್ನರ್, 1991ರ ನನ್ನ ವಿದ್ಯಾರ್ಥಿ. ಓಮನ ನಿಯಮದಲ್ಲಿ ಡಿ ಗ್ರೇಡ್ ತಗೊಂಡವ.

"ಅಂಕಿ ಅಂಶ ಎಲ್ಲ ಸರಿ ಮೇಷ್ಟ್ರೇ. ಇದರಿಂದ ಸಿಗರೇಟು ಬಿಟ್ಟವರನ್ನ ಒಬ್ಬರನ್ನ ತೋರಿಸಿ."

ಕೈಯಲ್ಲಿದ್ದ ಮೂರು ಪುಟ ತಿರುವಿದೆ. ಹಿಂದಿನ ಸಾಲಿನಿಂದ ದನಿ ಬಂತು.

"ಇಲ್ಲಿದ್ದೀನಲ್ಲ, ಕಣ್ಣಿಗೆ ಕಾಣ್ತಿಲ್ವಾ?"

ಬರ್ನಿ. ನಾನು ಕರೆದಿರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ಎದ್ದಳು. "ನಾಲ್ಕು ವರ್ಷ ಆಯ್ತು. ಒಂದೂ ಮುಟ್ಟಿಲ್ಲ. ಇವನ ಕಾಯಿಲ್ ಪುಣ್ಯ."

ಚಪ್ಪಾಳೆ. ನನ್ನ ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಒಂದು ಮಾತು ಸಾಕಿತ್ತು. ಆಡಲಿಲ್ಲ. ಠರಾವು ಬಿತ್ತು, ಮೂರಕ್ಕೆ ನಾಲ್ಕು. ಟ್ರೀನಾ ನನ್ನನ್ನು ತಬ್ಬಿಕೊಂಡು ಅತ್ತಳು.

ಕಾರಿನ ಹತ್ತಿರ ಅಕ್ಕನ ಕೋಟಿನಿಂದ ಹೊಗೆಯ ವಾಸನೆ.

"ಯಾಕೆ ಬಂದೆ?"

"ನಾಲ್ಕು ವರ್ಷ ತಂತಿ ಸುತ್ತಿದ್ದೀಯ ಕಣೋ. ಎಲ್ಲರೆದುರು ನಿನ್ನ ತಲೆ ತಗ್ಗಿಸ್ಲಾ?" ಕೆಮ್ಮಿದಳು, ತುಂಬಾ ಹೊತ್ತು. "ಇನ್ನೊಂದು ಸುತ್ತಿಕೊಡು. ಈ ಸಲ ಬಿಡ್ತೀನಿ."

ಈಗ ಸುತ್ತುತ್ತಿದ್ದೇನೆ. ಎರಡು ಸಲ ಬಿಚ್ಚಿ ಮತ್ತೆ ಸುತ್ತಿದೆ. ನಲವತ್ತು ವರ್ಷ ಬೈದ ಆ ಬಿಳಿಕೋಟು ನಿನ್ನೆ ನನ್ನ ಅಳತೆಗೂ ಸರಿಹೋಯಿತು.

ನವೆಂಬರ್ 6, ಭಾನುವಾರ

ನಾನು ಕೂರುವ ಮುಂಚೆಯೇ ಬರ್ನಿ ವೇಪ್ ಮುಂದೆ ತಳ್ಳಿದಳು. "ನೋಡ್ಕೊ."

ಬಿಚ್ಚಿದೆ. ಹತ್ತಿ ಕಂದು. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ತಂತಿ ನೋಡಿದೆ. ಹೊಳೆಯುತ್ತಿತ್ತು. ಒಂದು ಚುಕ್ಕೆ ಕರಿಯಿಲ್ಲ. ಹತ್ತಿಯನ್ನು ಮೂಗಿಗೆ ಹಿಡಿದೆ.

ಚಹಾ.

ಬಣ್ಣದ ಗುಟ್ಟು ಹೇಳಿಕೊಟ್ಟವನು ನಾನೇ. ಆ ಸೊಟ್ಟ ಬೆರಳಲ್ಲಿ ಮುಚ್ಚಳ ತೆಗೆದು ಎಷ್ಟು ಹೊತ್ತು ಚಹಾ ಸುರಿದಳೋ.

"ಹೇಗಿದೆ?" ಅಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು, ಫಲಿತಾಂಶಕ್ಕೆ ಕಾದ ಮಕ್ಕಳ ಹಾಗೆ.

"ಬಣ್ಣ ಬಂದಿದೆ," ಅಂದೆ.

ಹೊಸ ತಂತಿ ತೆಗೆದೆ. ಏಳು ಸುತ್ತು. ಗುಂಡಿ ಒತ್ತಿದೆ, ಸಮವಾಗಿ ಕೆಂಪೇರಿತು. ಎಷ್ಟು ಓಮ್ ಎಂದು ಹೇಳಲಿಲ್ಲ. ಮೀಟರ್ ಆರಿಸಿ ಪಕ್ಕಕ್ಕಿಟ್ಟೆ.

"ಬರ್ನಿ, ನೀನು ಹೇಗಿದ್ದೀಯ?"

ಅವಳು ಕಪ್ಪು ಕೆಳಗಿಟ್ಟು, ಕಿಟಕಿಯ ಕಡೆ ತಿರುಗಿ, "ವರ್ನ್ ಇಲ್ಲದೆ ರಾತ್ರಿ ನಿದ್ದೆ ಬರಲ್ಲ ಕಣೋ," ಅಂದಳು.